ಗುಂಡನ ಮೊದಲ ಟೆಂಟು: ಆನೆಗುಂದಿ ಹತ್ರ ಎರಡು ರಾತ್ರಿ, ಮೂರು ಹಗಲು

ಮೊದಲೇ ಹೇಳಿಬಿಡ್ತೀನಿ, ಟೆಂಟ್ ಐಡಿಯಾ ನಂದೇ. ನಮ್ಮನೆಯವ್ರು "ರೂಮ್ ಮಾಡೋಣ ಬಿಡೇ, ಬಿಸಿನೀರಿರುತ್ತೆ, ಬಾತ್‌ರೂಮ್ ಇರುತ್ತೆ" ಅಂತ ಮೂರು ಸಲ ಹೇಳಿದ್ರು, ನಾನು ಮೂರು ಸಲಾನೂ ಕೇಳಿಸದವಳ ಹಂಗೆ ಇದ್ದೆ. ಕಾಲೇಜಲ್ಲಿದ್ದಾಗಿಂದ ಟೆಂಟಲ್ಲಿ ಮಲಗ್ಬೇಕು ಅಂತ ಆಸೆ, ಆಮೇಲೆ ಮದುವೆ, ಕೆಲಸ, ಗುಂಡ ಹುಟ್ಟಿದ, ಈಗಲೂ ಹೋಗ್ಲಿಲ್ಲ ಅಂದ್ರೆ ಇವನ ಎಸ್ಸೆಸ್ಸೆಲ್ಸಿ ಮುಗಿಯೋವರ್ಗೂ ಹೋಗಲ್ಲ ಅನ್ನಿಸ್ತು. ಇವನಿಗೀಗ ಒಂದು ವರ್ಷ ಹತ್ತು ತಿಂಗಳು. ನಡೀತಾನೆ, ಓಡ್ತಾನೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾನೆ, ಮಾತು ಒಂದು ಹತ್ತು ಬರ್ತಾವೆ. ಅದರಲ್ಲಿ ಅರ್ಧ ನನಗೆ ಮಾತ್ರ ಅರ್ಥ ಆಗೋದು.

ಶುಕ್ರವಾರ, ಹೊರಡೋ ಹಿಂದಿನ ದಿನ

ಬಳ್ಳಾರಿ ಮನೆ ಹಾಲ್‌ನಲ್ಲಿ ಸೋಫಾ ಸರಿಸಿ ಟೆಂಟ್ ಹಾಕಿ ಪ್ರಾಕ್ಟೀಸ್ ಮಾಡಿದ್ವಿ. ನಾಲ್ಕು ಜನರ ಟೆಂಟ್ ಅಂತ ಬರ್ದಿರುತ್ತೆ, ನಂಬ್ಬೇಡಿ, ಇಬ್ಬರು ದೊಡ್ಡವ್ರು ಒಂದು ಕೂಸು ಮಲಗಿದ್ರೆ ಅದರ ಬ್ಯಾಗ್ ಇಡೋಕೂ ಜಾಗ ಇರಲ್ಲ. ಗುಂಡನಿಗೆ ಟೆಂಟ್‌ಗಿಂತ ಅದರ ಜಿಪ್ ಇಷ್ಟ ಆಯ್ತು. "ಜುಯ್" ಅಂತಾನೆ, ಎಳೀತಾನೆ, ಮತ್ತೆ "ಜುಯ್". ಒಳಗೆ ನಾನು, ಹೊರಗೆ ಅವನು, ಮಧ್ಯಾಹ್ನದಿಂದ ಸಾಯಂಕಾಲದವರೆಗೂ ಇದೇ ಆಟ.

ನಮ್ಮತ್ತೆ ಬಾಗಿಲಲ್ಲಿ ಕೂತು ಕಾಳು ಹಸನು ಮಾಡ್ಕೊಂತ ನೋಡ್ತಿದ್ರು. ಸುಮಾರು ಹೊತ್ತು ಏನೂ ಅನ್ಲಿಲ್ಲ. ನಾನು ಕಾರಿಗೆ ಇಡೋ ಸಾಮಾನು ಒಂದೊಂದಾಗಿ ತಂದು ಜೋಡ್ಸೋಕೆ ಶುರು ಮಾಡಿದ್ಮೇಲೆ, ಅಂದ್ರೆ ಡಯಾಪರ್ ಪ್ಯಾಕ್, ಕುಲಾವಿ, ಎರಡು ಕೌದಿ, ಸೊಳ್ಳೆ ಪರದೆ, ಫ್ಲಾಸ್ಕ್, ರಾಗಿ ಸರಿ ಹಿಟ್ಟು, ಜ್ವರದ ಸಿರಪ್, ಓಆರ್‌ಎಸ್, ಅವನ ಬಟ್ಟೆ ಎಂಟು ಜೊತೆ, ಅವನ ಹಳದಿ ಬಕೆಟ್, ಆಗ ಅಂದ್ರು ನೋಡಿ, "ಏನವ್ವ, ಗುಳೆ ಹೊಂಟೋರ ಹಂಗ ಗಂಟು ಕಟ್ಟೀದಿ. ಅವ್ರು ಹೊಟ್ಟಿಗಿಲ್ದ ಬಯಲಾಗ ಮಲಗ್ತಾರ, ನಿಮಗೇನಾಗೈತಿ?"

ಉತ್ತರ ಇರ್ಲಿಲ್ಲ ನನ್ನ ಹತ್ರ. ಸುಮ್ನೆ ಕೌದಿ ಮಡಚಿದೆ.

ಶನಿವಾರ, ಜನವರಿ 11, 2025

ಎರಡನೇ ಶನಿವಾರ, ಭಾನುವಾರ, ಸೋಮವಾರ ಒಂದು ರಜೆ, ಮಂಗಳವಾರ ಸಂಕ್ರಾಂತಿಗೆ ಮನೆಗೆ ವಾಪಸ್. ಹಿಂಗೆ ಲೆಕ್ಕ ಹಾಕಿದ್ವಿ. ಹೋಗ್ಬೇಕಿದ್ದದ್ದು ನಮ್ಮ ದೊಡ್ಡಪ್ಪನ ತೋಟಕ್ಕೆ, ಗಂಗಾವತಿ ತಾಲೂಕು, ಆನೆಗುಂದಿ ಹತ್ರ. ಹೊಸಪೇಟೆ ಕಡೆಯಿಂದಾನೂ ಹೋಗಬಹುದು, ನಾವು ಕುರುಗೋಡು ಕಂಪ್ಲಿ ರೋಡ್ ಹಿಡಿದ್ವಿ. ಬೇಗ ಹೊರಟು ದಾರಿಯಲ್ಲಿ ಅವನು ನಿದ್ದೆ ಮಾಡ್ಲಿ ಅಂತ ಪ್ಲಾನ್, ಅವನು ಕಾರ್ ಸ್ಟಾರ್ಟ್ ಆದಾಗಿಂದ ಕಣ್ಣು ಬಿಟ್ಕೊಂಡೇ ಇದ್ದ. ಕುರುಗೋಡಲ್ಲಿ ನಿಲ್ಲಿಸಿ ಡಯಾಪರ್ ಬದಲಿಸಿ, ಅಲ್ಲಿನ ಒಂದೇ ಕಲ್ಲಿನ ದೊಡ್ಡ ಬಸವಣ್ಣನ್ನ ತೋರಿಸಿದ್ವಿ. ಗುಂಡ ತಲೆ ಎತ್ತಿ ನೋಡಿ ಬಾಯಿ ತೆರೆದ. "ಅಂಬಾ" ಅಂದ, ಆಮೇಲೆ ಒಂದು ನಿಮಿಷ ಬಿಟ್ಟು ಇನ್ನೂ ಜೋರಾಗಿ "ಅಂಬಾಆ" ಅಂದ, ಸೈಜ್‌ಗೆ ತಕ್ಕಂಗೆ. ಪಕ್ಕದಲ್ಲೇ ಒಗ್ಗಾಣಿ ಮಿರ್ಚಿ ತಿಂದ್ವಿ, ಅವನು ಮೆಣಸಿನಕಾಯಿ ತಟ್ಟದಿರೋ ಒಗ್ಗಾಣಿ ಆರಿಸ್ಕೊಂಡು ತಿಂದ, ಅದರಲ್ಲಿ ಅರ್ಧ ಸೀಟಿಗೆ ಹೋಯ್ತು.

ಕಂಪ್ಲಿ ಸೇತುವೆ ಮೇಲೆ ಹೋಗೋವಾಗ ತುಂಗಭದ್ರಾ ಏನೂ ಗೊತ್ತಿಲ್ಲದವಳ ಹಂಗೆ ಸಣ್ಣಗೆ ಹರೀತಿದ್ಲು. ಡ್ಯಾಮಿಂದ ಜಾಸ್ತಿ ಬಿಟ್ರೆ ಇದೇ ಸೇತುವೆ ಮುಳುಗಿ ಆ ಕಡೆಯವ್ರು ಆ ಕಡೆ, ಈ ಕಡೆಯವ್ರು ಈ ಕಡೆ ಆಗಿಬಿಡ್ತಾರೆ.

ಗಂಗಾವತಿ ದಾಟಿ ಆನೆಗುಂದಿ ಕಡೆ ತಿರುಗಿದ್ರೆ ಶುರು ನೋಡಿ, ಒಂದು ಕಡೆ ಗದ್ದೆ, ಇನ್ನೊಂದು ಕಡೆ ಯಾರೋ ಆಟ ಆಡಿ ಬಿಟ್ಟು ಹೋದಂಗೆ ಒಂದರ ಮೇಲೊಂದು ಬಂಡೆ. ನನ್ನ ತಲೆಯಲ್ಲಿದ್ದ ಚಿತ್ರ ಅಂದ್ರೆ ಆ ಬಂಡೆ ಪಕ್ಕ ಟೆಂಟು, ಮುಂದೆ ಬೆಂಕಿ, ಮೇಲೆ ಚಂದ್ರ. ದೊಡ್ಡಪ್ಪಗೆ ಹೇಳಿದೆ. ಅವ್ರು ನನ್ನ ನೋಡಿ, ಅಳಿಯನ್ನ ನೋಡಿ, "ಅಳಿಯಾರ, ನಮ್ಮನಿಗೇನು ಬೆಂಕಿ ಬಿದ್ದೈತೇನು ಹೊರಗ ಮಲಗಾಕ?" ಅಂದ್ರು. ಆಮೇಲೆ ಸೀರಿಯಸ್ ಆಗಿ, "ಗುಡ್ಡದಾಗ ಚಿರತಿ ಅದಾವ, ಕರಡಿ ಅದಾವ, ಕೂಸು ಇಟ್ಕೊಂಡು ಬಂಡಿ ಕಡೆ ಮಾತೇ ಬ್ಯಾಡ. ಕಣದಾಗ ಹಾಕ್ರಿ, ಮನಿ ಮುಂದ" ಅಂತ ಹೇಳಿ ಗೊಬ್ಬರ ತರೋಕೆ ಗಂಗಾವತಿಗೆ ಹೋದ್ರು. ಇದು ಹೆದರ್ಸೋಕೆ ಹೇಳೋ ಮಾತಲ್ಲ, ಆ ಬೆಟ್ಟಗಳಲ್ಲಿ ನಿಜವಾಗ್ಲೂ ಚಿರತೆ ಇವೆ, ಊರವ್ರು ಕತ್ತಲಾದ್ಮೇಲೆ ಆ ಕಡೆ ಒಬ್ಬರೇ ಹೋಗಲ್ಲ.

ಕಣದ ನೆಲ ಗಟ್ಟಿ, ಸಿಮೆಂಟ್ ಹಂಗೆ. ಟೆಂಟ್ ಗೂಟ ಒಂದು ಇಂಚೂ ಇಳೀಲಿಲ್ಲ, ಒಂದು ಡೊಂಕಾಯ್ತು. ಅಲ್ಲಿಂದ ಒಂದು ಮೂವತ್ತು ಹೆಜ್ಜೆ ಆ ಕಡೆ ಬಾಳೆ ತೋಟದ ಅಂಚು, ಸುಗಂಧಿ ಬಾಳೆ, ಕೆಳಗೆ ಮೆತ್ತನೆ ಮಣ್ಣು. ಗೂಟ ಬೆಣ್ಣೆಗೆ ಚಾಕು ಹಾಕಿದಂಗೆ ಇಳೀತು. ನಾನು ನಮ್ಮನೆಯವ್ರ ಕಡೆ ತಿರುಗಿ "ನೋಡಿದ್ರಾ?" ಅಂದೆ. ಈ "ನೋಡಿದ್ರಾ" ನೆನಪಿಟ್ಕೊಳ್ಳಿ.

ಸಾಯಂಕಾಲ ಚೆನ್ನಾಗಿತ್ತು. ದೊಡ್ಡಮ್ಮ ಸಜ್ಜೆ ರೊಟ್ಟಿ ಬಡಿದ್ರು, ಎಳ್ಳು ಹಚ್ಚಿ, ಸಂಕ್ರಾಂತಿಗೆ ಮೂರು ದಿನ ಮೊದಲೇ. ಗುಂಡನಿಗೆ ಅನ್ನ ಬೇಳೆ ತುಪ್ಪ. ಗಿಡದಿಂದ ಇಳಿಸಿಟ್ಟಿದ್ದ ಬಾಳೆಹಣ್ಣು ಎರಡು ತಿಂದ, ಹಳದಿ ಬಕೆಟಲ್ಲಿ ಮಣ್ಣು ತುಂಬಿ ದೊಡ್ಡಪ್ಪನ ಚಪ್ಪಲಿ ಒಳಗೆ ಸುರಿದ. ದೊಡ್ಡಪ್ಪ ಬಂದಾಗ ಕತ್ತಲಾಗಿತ್ತು, ಟೆಂಟ್ ನೋಡಿ "ಅಲ್ಯಾಕ ಹಾಕೀರಿ..." ಅಂತ ಶುರು ಮಾಡಿದ್ರು, ನಾನು ತುಟಿ ಮೇಲೆ ಬೆರಳಿಟ್ಟೆ, ಅದೇ ಆಗ ಅವನು ಹೆಗಲ ಮೇಲೆ ಕಣ್ಣು ಮುಚ್ಚಿದ್ದ. ಅವ್ರೂ ಸುಮ್ನಾದ್ರು, ಪಾಪ.

ಹತ್ತು ನಿಮಿಷಕ್ಕೆ ಎದ್ದ. ಆಮೇಲೆ ನಡೆದದ್ದು ಏನಂತ ಹೇಳ್ಲಿ. ಚಳಿ ಇರ್ಲಿಲ್ಲ ಅವನಿಗೆ, ಕುಲಾವಿ ಕೌದಿ ಎಲ್ಲ ಇತ್ತು. ಹಸಿವಿಲ್ಲ, ಹಾಲು ಕುಡಿದಿದ್ದ. ಸೊಳ್ಳೆ ಇಲ್ಲ. ಅಳೂ ಇಲ್ಲ ಮೊದಮೊದಲು, ಸುಮ್ನೆ ಕತ್ತಲಲ್ಲಿ ಕೂತು ಮೇಲೆ ನೋಡ್ತಾನೆ, ಕೈ ಎತ್ತಿ ಬೆರಳು ತಿರುಗಿಸ್ತಾನೆ. ನಾನು ಚಂದ್ರ ಕೇಳ್ತಿದಾನೆ ಅನ್ಕೊಂಡು ಜಿಪ್ ತೆಗೆದು ಚಂದ್ರ ತೋರಿಸಿದೆ, ಹುಣ್ಣಿಮೆಗೆ ಎರಡೇ ದಿನ ಇತ್ತು, ಹಗಲು ಹಂಗೆ ಬೆಳಕು. ಅದಲ್ಲ. ಮತ್ತೆ ಬೆರಳು ತಿರುಗಿಸ್ತಾನೆ. ಹನ್ನೊಂದಾಯ್ತು, ಹನ್ನೆರಡಾಯ್ತು, ಈಗ ಅಳು ಶುರು, ತೋಟದ ನಾಯಿನೂ ಜೊತೆಗೆ ಶುರು. ಆಗ ಹೊಳೀತು ನಮ್ಮನೆಯವ್ರಿಗೆ. "ಲೇ, ಫ್ಯಾನ್ ಕೇಳ್ತಿದಾನೆ ಕಣೇ."

ಬಳ್ಳಾರಿ ಕೂಸದು. ಹುಟ್ಟಿದಾಗಿಂದ ಮಾರ್ಚ್ ಏಪ್ರಿಲ್‌ನಲ್ಲಿ ಕೂಲರ್ ಪಕ್ಕ, ಉಳಿದ ದಿನ ಫ್ಯಾನ್ ಕೆಳಗೆ, ಚಳಿಗಾಲದಲ್ಲೂ ಸೊಳ್ಳೆಗೆ ಅಂತ ಒಂದರಲ್ಲಾದ್ರೂ ತಿರುಗ್ತಾ ಇರುತ್ತೆ. ನಮ್ಮನೆ ಫ್ಯಾನಿಗೆ ಒಂದು ಟಕ್ ಟಕ್ ಸದ್ದೂ ಇದೆ, ರಿಪೇರಿ ಮಾಡ್ಸೋಣ ಅಂತ ವರ್ಷದಿಂದ ಹೇಳ್ತಿದೀವಿ. ಆ ಸದ್ದಿಲ್ಲದ ರಾತ್ರಿ ಇವನು ಕಂಡೇ ಇಲ್ಲ. ನಾವು ದುಡ್ಡು ಕೊಟ್ಟು ಹುಡುಕ್ಕೊಂಡು ಬಂದ ನಿಶ್ಶಬ್ದ ಅವನಿಗೆ ಭಯ. ಫೋನಲ್ಲಿ ಫ್ಯಾನ್ ಸೌಂಡ್ ಹಾಕೋಣ ಅಂದ್ರೆ ನೆಟ್‌ವರ್ಕ್ ಸುತ್ತುತ್ತಾ ಕೂತಿತು. ನಮ್ಮನೆಯವ್ರು ಬಾಯಲ್ಲೇ "ಗುಂಯ್ಯ್" ಅಂದ್ರು ಸ್ವಲ್ಪ ಹೊತ್ತು. ನಗು ಬಂತು, ನಗೋಕಾಗಲ್ಲ.

ಒಂದೂವರೆಗೆ ತ್ರೀ ಫೇಸ್ ಬಂತು. ಊರಲ್ಲಿರೋರಿಗೆ ಗೊತ್ತಿರುತ್ತೆ, ಹೊಲಕ್ಕೆ ಮೋಟರ್ ಕರೆಂಟ್ ದಿನವಿಡೀ ಇರಲ್ಲ, ಪಾಳಿ ಮೇಲೆ ಬಿಡ್ತಾರೆ, ಕೆಲವು ಸಲ ಹಗಲು ಕೆಲವು ಸಲ ನಡುರಾತ್ರಿ, ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕ್ಸಿರ್ತಾರೆ. ಬೋರ್ ಮೋಟರ್ ಆದ್ರೆ ನೆಲದೊಳಗಿರುತ್ತೆ, ಕೇಳಲ್ಲ. ದೊಡ್ಡಪ್ಪನದು ಬಾವಿ ದಂಡೆ ಮೇಲೆ ಕೂತ ಹಳೇ ಮೋಟರ್. ಟಪ್ ಅಂತು, ಒಂದು ಸಲ ನರಳಿತು, ಆಮೇಲೆ ಗುಂಯ್ಯ್ಯ್ ಅಂತ ಒಂದೇ ರಾಗ. ಗುಂಡ ಅಳು ಅಲ್ಲಿಗೇ ನಿಲ್ಲಿಸಿದ. ತಲೆ ಓರೆ ಮಾಡಿ ಕೇಳಿದ. ನನ್ನ ತೋಳಿನ ಮೇಲೆ ತಲೆ ಇಟ್ಟ, ಬೆರಳು ಒಂದು ಸಲ ತಿರುಗಿಸಿದ, ಮಲಗಿಬಿಟ್ಟ. ದೇವ್ರು ಬಂದಂಗಾಯ್ತು ನಮಗೆ. ನಾವೂ ಸತ್ತಂಗೆ ಮಲಗಿದ್ವಿ.

ನಾಲ್ಕು ಗಂಟೆ ಇರಬೇಕು, ನನ್ನ ಬೆನ್ನು ತಣ್ಣಗಾಯ್ತು. ಇವನ ಡಯಾಪರ್ ಸೋರಿದೆ ಅನ್ಕೊಂಡೆ. ಮುಟ್ಟಿ ನೋಡಿದ್ರೆ ಡಯಾಪರ್ ಒಣ, ಅವನ ಸುತ್ತಲಿನ ಜಗತ್ತೆಲ್ಲ ಒದ್ದೆ. ಟಾರ್ಚ್ ಹಾಕಿದ್ರೆ ಟೆಂಟ್ ನೆಲ ಉಬ್ಬಿ ಉಬ್ಬಿ ತೇಲ್ತಿದೆ, ನೀರಿನ ಹಾಸಿಗೆ ಹಂಗೆ. ಮೋಟರ್ ಅಂದ್ರೆ ನೀರು, ನೀರು ಅಂದ್ರೆ ಬಾಳೆಗೆ, ಬಾಳೆ ಸಾಲಿನ ಕೊನೇ ಮಡಿ ಅಂದ್ರೆ ನಾವು. ಗೂಟ ಬೆಣ್ಣೆಯಂಗೆ ಯಾಕೆ ಇಳೀತು ಅಂತ ಆಗ ಗೊತ್ತಾಯ್ತು. ನಮ್ಮನೆಯವ್ರು ಮೊಣಕಾಲಷ್ಟು ಕೆಸರಲ್ಲಿ ನಿಂತು, ಒಂದು ಕೈಲಿ ಕೂಸು ಒಂದು ಕೈಲಿ ಕೌದಿ, ನನ್ನ ನೋಡಿ ಮೆತ್ತಗೆ "ನೋಡಿದ್ಯಾ?" ಅಂದ್ರು.

ಭಾನುವಾರ

ಬೆಳಗ್ಗೆ ಟೆಂಟ್ ಕೀಳೋಕೆ ಹೋದಾಗ ದೊಡ್ಡಮ್ಮ ನನ್ನ ಕೈ ಹಿಡಿದು ನಿಲ್ಲಿಸಿದ್ರು. ಒಂದು ಉದ್ದನೆ ಕೋಲು ತಗೊಂಡು ಟೆಂಟ್ ಅಂಚು ಎತ್ತಿ ಜಾಡಿಸಿದ್ರು. ಒಣಗಿದ ಕಡೆಯ ಮಡಿಕೆಯಿಂದ ಒಂದು ಕೆಂಪು ಚೇಳು ಬಿತ್ತು, ನನ್ನ ಕಿರುಬೆರಳಿನಷ್ಟು, ಬಾಲ ಎತ್ಕೊಂಡೇ. ನೀರಿಗೆ ಹೆದರಿ ಅದೂ ಒಣ ಜಾಗ ಹುಡುಕಿರಬೇಕು, ನಮ್ಮ ಹಂಗೇ. ದೊಡ್ಡಮ್ಮ ಚಪ್ಪಲಿಯಿಂದ ಒಂದೇ ಏಟು. "ಹಾಸಿಗಿ ಹಾಕೋ ಮುಂಚೆ ಜಾಡಿಸ್ಬೇಕು, ಎತ್ತೋ ಮುಂಚೆನೂ ಜಾಡಿಸ್ಬೇಕು, ಚಪ್ಪಲಿ ಮೆಟ್ಟೋ ಮುಂಚೆ ಬಡೀಬೇಕು" ಅಂದ್ರು, ಶಾಲೆ ಮಗ್ಗಿ ಹೇಳಿದಂಗೆ.

ನನಗೆ ಕೈ ನಡುಕ ನಿಲ್ಲೋಕೆ ಅರ್ಧ ತಾಸು ಬೇಕಾಯ್ತು. ಕೆಂಪು ಚೇಳಿನ ವಿಷ ದೊಡ್ಡವ್ರಿಗಿಂತ ಸಣ್ಣ ಮಕ್ಕಳಿಗೆ ಅಪಾಯ, ಹೃದಯಕ್ಕೇ ಹೊಡೆಯುತ್ತೆ. ಕಡಿದ್ರೆ ಮಂತ್ರ ಗಿಂತ್ರ ಅಂತ ಹೊತ್ತು ಕಳೀದೆ ಆಸ್ಪತ್ರೆಗೆ ಓಡ್ಬೇಕು. ಪ್ರಾಜೋಸಿನ್ ಅನ್ನೋ ಬಿಪಿ ಮಾತ್ರೆ ಇದಕ್ಕೆ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ಟವ್ರು ಮಹಾರಾಷ್ಟ್ರದ ಮಹಾಡ್‌ನ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್, ಅದಕ್ಕೆ ಮುಂಚೆ ಎಷ್ಟೋ ಮಕ್ಕಳು ಹೋಗಿಬಿಡ್ತಿದ್ವಂತೆ. ನಾನು ಎಂಟು ಜೊತೆ ಬಟ್ಟೆ ಇಟ್ಕೊಂಡಿದ್ದೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಕೇಳಿರ್ಲಿಲ್ಲ. ಆವತ್ತು ಕೇಳ್ಕೊಂಡೆ, ದೊಡ್ಡದು ಅಂದ್ರೆ ಗಂಗಾವತಿ. ಮಕ್ಕಳನ್ನ ಕರ್ಕೊಂಡು ಹೋಗೋರು ಯಾರಾದ್ರೂ ಇದ್ರೆ ಟೆಂಟ್ ತಗೊಳ್ಳೋ ಮುಂಚೆ ಇದನ್ನ ಕೇಳಿ ಇಟ್ಕೊಳ್ಳಿ.

ಕೌದಿ, ಬಟ್ಟೆ ಎಲ್ಲ ಬಂಡೆ ಮೇಲೆ ಒಣಗಾಕಿ ಊರು ಸುತ್ತೋಕೆ ಹೋದ್ವಿ. ಅಂಜನಾದ್ರಿ ಕೆಳಗಿಂದಾನೇ ಕೈ ಮುಗಿದ್ವಿ, 575 ಮೆಟ್ಟಿಲು, ಹನ್ನೊಂದು ಕೇಜಿ ಗುಂಡನ್ನ ಹೊತ್ಕೊಂಡು ನನ್ನ ಕೈಲಾಗಲ್ಲ, ಇವ್ರು ರಾತ್ರಿ ಕೆಸರಲ್ಲಿ ನಿಂತು ಸೊಂಟ ಹಿಡಿದು ಕೂತಿದ್ರು. ಪಂಪಾ ಸರೋವರದಲ್ಲಿ ಸ್ವಲ್ಪ ಹೊತ್ತು. ಅಲ್ಲಿಂದ ಸಾಣಾಪುರ ಕೆರೆ. ಎಡದಂಡೆ ಕಾಲುವೆ ನೀರೇ ಅಲ್ಲಿ ನಿಂತು ಮುಂದೆ ಹೋಗೋದು, ಸುತ್ತ ಬಂಡೆ, ಬಣ್ಣ ನೋಡಿದ್ರೆ ಸುಮ್ನೆ ನಿಂತುಬಿಡ್ಬೇಕು ಅನ್ಸುತ್ತೆ.

ತೆಪ್ಪದಲ್ಲಿ ಹೋಗೋಣ ಅಂತ ಇವ್ರಿಗೆ ಆಸೆ. ತೆಪ್ಪ ನಡೆಸೋ ಒಬ್ಬ ಲೈಫ್ ಜಾಕೆಟ್ ತಂದ, ಗುಂಡನಿಗೆ ಹಾಕಿದ್ರೆ ಅವನು ಒಳಗೆ, ಜಾಕೆಟ್ ಹೊರಗೆ. ನಾನು ಜಾಕೆಟ್‌ನ ಹೆಗಲು ಹಿಡಿದು ಮೇಲೆತ್ತಿದೆ, ಅದು ಅವನ ಕಿವಿ ದಾಟಿ ತಲೆ ಮೇಲಿಂದ ಕೈಗೆ ಬಂತು, ಗುಂಡ ನೆಲದ ಮೇಲೇ ಇದ್ದ. ನೀರಲ್ಲೂ ಇದೇ ಆಗೋದು, ಜಾಕೆಟ್ ತೇಲುತ್ತೆ, ಕೂಸಲ್ಲ. "ಮಡಿಲಾಗ ಇಟ್ಕೋರಿ ಅಕ್ಕಾರ, ಏನಾಗಂಗಿಲ್ಲ" ಅಂದ ಅವನು. ಇವ್ರೊಬ್ರೇ ಹೋಗಿ ಬಂದ್ರು. ಬೇಜಾರಲ್ಲೇ ಹೋದ್ರು, ಬರುವಾಗ ಎರಡು ಸುತ್ತು ಗಿರ್ರ್ ಅಂತ ತಿರುಗಿಸಿದ್ದಕ್ಕೆ ವಾಂತಿ ಬರ್ತಿದೆ ಅಂತ ಕೂತ್ರು. ನಾವಿಬ್ರು ದಂಡೇಲಿ ಕಲ್ಲು ಎಸೆದ್ವಿ. ಒಂದು ಕಲ್ಲು, "ಡುಬುಕ್". ಇನ್ನೊಂದು. ಒಂದೂವರೆ ತಾಸು.

ಸಾಯಂಕಾಲ ವಾಪಸ್ ಬರೋವಾಗ ತೋಟದ ಪಕ್ಕದ ಖಾಲಿ ಗದ್ದೇಲಿ ಕುರಿ ಬಂದು ಇಳಿದಿದ್ವು. ನಮ್ಮ ಕಡೆ ಪ್ರತಿ ವರ್ಷ ನೋಡೋದೇ, ಭತ್ತ ಕೊಯ್ದ ಮೇಲೆ ಕುರಿಗಾಹಿಗಳು ಬರ್ತಾರೆ, ರೈತ್ರು ತಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸ್ಕೊಂತಾರೆ ಗೊಬ್ಬರಕ್ಕೆ. ನೋಡಿದೀನಿ ಅಷ್ಟೇ, ನಿಂತು ಮಾತಾಡ್ಸಿದ್ದಿಲ್ಲ. ಸುತ್ತ ಬಲೆ ಕಟ್ಟಿದ್ರು, ಮೂರು ಕಲ್ಲಿನ ಒಲೆ ಉರೀತಿತ್ತು, ಒಂದು ಕುದುರೆ, ಅದರ ಪಕ್ಕ ಸಾಮಾನಿನ ಗಂಟು, ನಾಲ್ಕು ಕೋಳಿ. ಮನೆಯೆಲ್ಲ ಸೇರಿ ನಮ್ಮ ಕಾರ್ ಡಿಕ್ಕಿಯ ಕಾಲುಭಾಗಾನೂ ಇಲ್ಲ. ಮತ್ತು ಗುಂಡನ ವಯಸ್ಸಿನದೇ ಒಂದು ಹುಡುಗ, ಮರಿಗಳ ಮಧ್ಯೆ, ಒಂದು ಮರಿ ಕಿವಿ ಹಿಡ್ಕೊಂಡು ನಿಂತಿದ್ದ. ಗುಂಡ ನೇರ ಹೋಗಿ ಅದೇ ಮರಿಯ ಇನ್ನೊಂದು ಕಿವಿ ಹಿಡಿದ.

ಅವನ ತಾಯಿ ರೊಟ್ಟಿ ಬಡೀತಾ ಇದ್ಲು. ಏನೋ ಕೇಳ್ಬೇಕು ಅಂತ ಕೇಳಿದೆ, ರಾತ್ರಿ ಇವನು ಹೊರಗೆ ಹೆಂಗೆ ಮಲಗ್ತಾನೆ ಅಂತ. ಅವಳಿಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ ಅನ್ಸುತ್ತೆ. "ಹೊರಗೇನ್ರಿ ಅಕ್ಕಾರ, ಕಂಬಳಿ ಮ್ಯಾಲ ಮಕ್ಕೊಂತಾನ. ಊರಿಗೆ ಹೋದ್ರನ ಕಷ್ಟ. ಮನಿ ಒಳಗ ಹಾಕಿದ್ರ ರಾತ್ರಿಯೆಲ್ಲ ಅಳ್ತಾನ, ಕುರಿ ಸಪ್ಪಳಿಲ್ಲಂದ್ರ ನಿದ್ದಿ ಇಲ್ಲ ಇವಗ."

ನಾನು, ನಮ್ಮನೆಯವ್ರು ಒಬ್ರನ್ನೊಬ್ರು ನೋಡಿದ್ವಿ. ಅವಳು ಹಿಟ್ಟಿನ ಕೈಯಲ್ಲೇ ಮಗನ ಮೂಗು ಒರೆಸಿದ್ಲು. ಮತ್ತೆ ಅಂದ್ಲು, ಊರಲ್ಲಿದ್ದಾಗ ಅವರತ್ತೆ ಒಂದು ಮರಿ ತಂದು ಬಾಗಿಲಲ್ಲಿ ಕಟ್ತಾರಂತೆ, ಅದು ಒದರ್ಕೊಂತ ಇದ್ರೆ ಇವನು ಮಲಗ್ತಾನಂತೆ.

ಆವತ್ತು ರಾತ್ರಿ ಟೆಂಟ್ ಕಣದಲ್ಲಿ. ಗೂಟದ ಬದಲು ನಾಲ್ಕು ಮೂಲೆಗೆ ನಾಲ್ಕು ಕಲ್ಲು, ದೊಡ್ಡಪ್ಪನೇ ಇಟ್ರು. ಮನೆಯಿಂದ ವೈರ್ ಎಳೆದು ಒಂದು ಟೇಬಲ್ ಫ್ಯಾನ್ ತಂದು, ಕೂಸಿಗೆ ಗಾಳಿ ತಾಗಬಾರ್ದು ಅಂತ ಮುಖ ಆ ಕಡೆ ಮೇವಿನ ಬಣವೆಗೆ ತಿರುಗಿಸಿ ಆನ್ ಮಾಡಿದ್ವಿ. ಜನವರಿ ಚಳೀಲಿ ಬಣವೆಗೆ ಗಾಳಿ ಹಾಕ್ತಾ ಮಲಗಿದ ಜನ ಕೊಪ್ಪಳ ಜಿಲ್ಲೇಲಿ ನಾವೊಬ್ರೇ ಇರಬೇಕು. ದೊಡ್ಡಪ್ಪ ಕಟ್ಟೆ ಮೇಲೆ ಕೂತು ನಗ್ತಾನೇ ಇದ್ರು. ಒಂಬತ್ತಕ್ಕೆ ಮಲಗಿದ ಗುಂಡ ಆರೂವರೆಗೆ ಎದ್ದ. ನನಗೇ ನಿದ್ದೆ ಬರ್ಲಿಲ್ಲ ಸುಮಾರು ಹೊತ್ತು, ಜಾಲರಿಯಿಂದ ಚಂದ್ರ ಕಾಣ್ತಿತ್ತು, ಫ್ಯಾನ್ ಸದ್ದಿನ ಹಿಂದೆ ದೂರದಲ್ಲಿ ಕುರಿ ಸದ್ದು.

ಸೋಮವಾರ, ಬನದ ಹುಣ್ಣಿಮೆ

ಬೆಳಗ್ಗೆ ಪಕ್ಕದ ಗದ್ದೇಲಿ ನಾಟಿ. ಹೆಣ್ಮಕ್ಕಳು ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಹೋಗ್ತಾರಲ್ಲ, ಗುಂಡನೂ ಕಣದಲ್ಲಿ ಬಗ್ಗಿ ಹಿಂದಕ್ಕೆ ನಡೆದು ಕುಕ್ಕರಬಡಿದ. ಬೆಳ್ಳಕ್ಕಿ ಹಿಂದೆ ಓಡಿದ. ದೊಡ್ಡಪ್ಪ ಚಹಾ ಕುಡೀತಾ ಹಳೇ ಮಾತು ತೆಗೆದ್ರು, ಹಿಂದಿನ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಚೈನ್ ಕಡಿದು ಕೊಚ್ಚಿ ಹೋದಾಗ ಇಡೀ ಊರು ನಿದ್ದೆ ಮಾಡಿರ್ಲಿಲ್ಲವಂತೆ. ಮುಳುಗ್ತೀವಿ ಅನ್ನೋ ಭಯಕ್ಕಿಂತ, ನೀರೆಲ್ಲ ಹೋದ್ರೆ ಬೆಳೆಗೇನು ಅನ್ನೋ ಭಯ. ಒಂದು ವಾರದಲ್ಲಿ ಡ್ಯಾಮ್ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವ್ರ ತಂಡ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಅಂದ್ರೆ ಗೇಟ್ ಬದಲು ನೀರು ತಡೆಯೋ ಕಬ್ಬಿಣದ ತುಂಡುಗಳನ್ನ ಇಳಿಸಿ ನೀರು ನಿಲ್ಲಿಸ್ತು, ಮಳೆ ಬಂದು ಡ್ಯಾಮ್ ಮತ್ತೆ ತುಂಬಿತು. "ಇಲ್ಲಂದ್ರ ಈ ಎರಡನೇ ಬೆಳಿ ಎಲ್ಲಿತ್ತವ್ವ" ಅಂತ ನಾಟಿ ಕಡೆ ಕೈ ತೋರಿಸಿದ್ರು.

ಮುಂದಿನ ಸಲ ಕೊಪ್ಪಳದ ಗವಿಮಠದ ಜಾತ್ರೆ ಟೈಮಲ್ಲಿ ಬರ್ರಿ, ಕೂಸಿಗೆ ತೇರು ತೋರ್ಸೋಣ ಅಂದ್ರು ದೊಡ್ಡಮ್ಮ. ಒಂದು ಗೊನೆ ಸುಗಂಧಿ ಬಾಳೆ ಡಿಕ್ಕಿಗೆ ಹಾಕಿದ್ರು, ಟೆಂಟ್ ಮೇಲೇ. ವಾಪಸ್ ದಾರಿ ಹೇಳೋಕೇನಿಲ್ಲ, ಮೂರೂ ಜನ ಕೆಸರು, ಎಂಟು ಜೊತೆಯಲ್ಲಿ ಒಂದೂ ಒಣ ಬಟ್ಟೆ ಉಳಿದಿರ್ಲಿಲ್ಲ, ಗುಂಡ ದೊಡ್ಡಪ್ಪನ ಟವೆಲ್ ಸುತ್ಕೊಂಡು ಬಂದ.

ಸಂಕ್ರಾಂತಿ ಮುಗಿದು ಬುಧವಾರ ಟೆಂಟ್ ಒಣಗ್ಲಿ ಅಂತ ಮಾಳಿಗೆ ಮೇಲೆ ಬಿಡಿಸಿ ನಿಲ್ಲಿಸಿದ್ದೆ. ಮಧ್ಯಾಹ್ನ ಗುಂಡ ಕಾಣ್ಲಿಲ್ಲ, ಅತ್ತೆನೂ ಕಾಣ್ಲಿಲ್ಲ. ಮಾಳಿಗೆ ಹತ್ತಿದ್ರೆ ಟೆಂಟ್ ಒಳಗೆ ಅತ್ತೆ ಮೊರ ಇಟ್ಕೊಂಡು ಕಾಳು ಹಸನು ಮಾಡ್ತಿದಾರೆ, ಪಕ್ಕದಲ್ಲಿ ಅವನು ಬೋರಲು ಮಲಗಿದಾನೆ, ಹಿಂದಿನ ಬೀದಿ ಹಿಟ್ಟಿನ ಗಿರಣಿ ಗುಂಯ್ ಅಂತಿದೆ.

"ಸದ್ದು ಮಾಡಬ್ಯಾಡ" ಅಂದ್ರು ನನಗೆ. ಆಮೇಲೆ ಟೆಂಟ್ ಬಟ್ಟೆ ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಬಿಸಲು ಬರಂಗಿಲ್ಲ ಒಳಗ, ಚಲೋ ಐತಿ. ಎಷ್ಟು ಕೊಟ್ರಿ ಇದಕ್ಕ?"

ಕೊಟ್ಟಿದ್ದು ನಾಲ್ಕು ಸಾವಿರದ ಇನ್ನೂರು. ಎರಡು ಸಾವಿರ ಅಂದೆ.

"ಜಾಸ್ತಿ ಆತು" ಅಂದ್ರು, ಜಿಪ್ ಎಳ್ಕೊಂಡ್ರು.